ಬಸಲಿಂಗವ್ವನ ಕಲ್ಲು

ಅಕಿನ್ಯಿ ಮೊಬೈಲನ್ನು ನನ್ನ ಮೂಗಿನ ಹತ್ತಿರ ಹಿಡಿದು, "ಇದು ಯಾವ ಭಾಷಾ, ಹೇಳು" ಅಂದಳು.

ಚಹಾದ ಹೊತ್ತು. ಮೆಲ್ಬರ್ನಿನ ಕ್ರಾನ್‌ಬರ್ನಿನಲ್ಲಿ ಒಂದು ವೃದ್ಧಾಶ್ರಮ, ಅದರ ಲಾಂಡ್ರಿ. ಆರು ವರ್ಷದಿಂದ ನಾವಿಬ್ಬರೂ ಇಲ್ಲಿ ಮುದುಕರ ಉಚ್ಚೆ ಹಾಸಿಗೆ ಒಗೆಯುತ್ತೇವೆ. ನನ್ನ ಹೆಸರು ಮಲ್ಲವ್ವ. ಬ್ಯಾಡ್ಜಿನ ಮೇಲೆ ಮೊಲ್ಲಿ ಅಂತಿದೆ. ಮೊದಲ ದಿನ ಮ್ಯಾನೇಜರಿಗೆ ನಾಲಿಗೆ ಹೊರಳಲಿಲ್ಲ, ಮರುದಿನ ಬ್ಯಾಡ್ಜು ಬಂತು, ಮುಗಿಯಿತು. ಬೆಳಗಾವಿ ಜಿಲ್ಲೆಯವಳು. ಓದಲಿಕ್ಕೆಂದು ಬಂದೆ, ಓದಿದೆ, ಇಲ್ಲೇ ಕಾಯಂ ಉಳಿಯಲು ಪಿಆರ್ ಸಿಕ್ಕಿತು. ಕೆಲಸ ಮಾತ್ರ ಒಗೆಯುವುದೇ ಸಿಕ್ಕಿತು.

ಅಕಿನ್ಯಿ ಕೆನ್ಯಾದವಳು. ದೊಡ್ಡ ಕೆರೆಯ ದಂಡೆಯಲ್ಲಿ ಕಾದೇಂಗೆ ಅಂತ ಅವಳ ಹಳ್ಳಿ. ಕೆರೆ ಅಂದರೆ ನಮ್ಮ ಕಡೆಯ ಕೆರೆಯಲ್ಲ, ನಿಂತು ನೋಡಿದರೆ ಆಚೆ ದಡ ಕಾಣುವುದಿಲ್ಲ. ಅವಳು ನನ್ನೊಡನೆ ಆಡುವುದು ಇಂಗ್ಲಿಷು. ಆದರೆ ಅದು ನನ್ನ ಕಿವಿಗೆ ಬೀಳುವುದು ನಮ್ಮೂರ ಮಾತಾಗಿಯೇ. ಹಾಗೇ ಬರೆಯುತ್ತೇನೆ. ಬೇಡ ಅನ್ನುವವರು ಬೇರೆ ಕಥೆ ಓದಲಿ.

"ಮಲಯಾಳಿ ಹುಡುಗಿ ನಂದಲ್ಲ ಅಂದ್ಲು. ಪಂಜಾಬಿ ಆಂಟಿನೂ ನಂದಲ್ಲ ಅಂದ್ಲು. ಉಳದಾಕಿ ನೀನ."

ಫೋಟೋದಲ್ಲಿ ಕೆರೆದಂಡೆ. ನಾಲ್ಕು ಹೆಂಗಸರು ಬಟ್ಟೆ ಒಗೆಯುತ್ತಿದ್ದಾರೆ. ನಡುವೆ ಒಂದು ಕರಿ ಕಲ್ಲು. ನುಣುಪಾದದ್ದು, ಹೊಳಪು ಕೊಟ್ಟದ್ದು. ಅದರ ಮೇಲೊಂದು ಕೆಂಪು ಲಂಗ, ಲಂಗದ ಪಕ್ಕ ಅಕ್ಷರ. ಬೆರಳಿಟ್ಟು ದೊಡ್ಡದು ಮಾಡಿ ಓದಿದೆ. ಕುಡಿಯುತ್ತಿದ್ದ ಚಹಾ ನೆತ್ತಿಗೇರಿತು.

'ಲಿಂಗೈಕ್ಯ ಮಾತೋಶ್ರೀ ಬಸಲಿಂಗವ್ವನವರ ಸ್ಮರಣಾರ್ಥ. ದಾನಿಗಳು: ಶ್ರೀ ಚನ್ನಮಲ್ಲಪ್ಪನವರು, ಪ್ಯಾರಮಟ್ಟಾ, ಸಿಡ್ನಿ. ಸ್ವಂತ ಊರು ಹುಬ್ಬಳ್ಳಿ.'

ನಕ್ಕೂ ನಕ್ಕೂ ನೆಲಕ್ಕೆ ಕೂತೆ. ನಮ್ಮ ಜನ ಗುಡಿಯ ಟ್ಯೂಬ್‌ಲೈಟಿನ ಮೇಲೆ ಹೆಸರು ಬರೆಸುವವರು, ಬೆಳಕು ಹೊರಗೆ ಬರಲಿಕ್ಕೆ ಜಾಗವಿರದ ಹಾಗೆ. ಫ್ಯಾನಿನ ರೆಕ್ಕೆಯ ಮೇಲೆ ಬರೆಸುವವರು, ಓದಬೇಕೆಂದರೆ ಫ್ಯಾನು ನಿಲ್ಲಿಸಿ ಬೆವರಬೇಕು. ಅಂಥವರು ಕೆನ್ಯಾದ ಹಳ್ಳಿಯಲ್ಲಿ ಕನ್ನಡದ ಕಲ್ಲು ನಿಲ್ಲಿಸಿದ್ದರಲ್ಲಿ ಆಶ್ಚರ್ಯವೇನಿಲ್ಲ. ಇಡೀ ಜಿಲ್ಲೆಯಲ್ಲಿ ಅದನ್ನು ಓದುವವರು ಒಬ್ಬರೂ ಇಲ್ಲ.

"ಮೂರು ವರ್ಷದ ಹಿಂದ ಸಿಡ್ನಿಯಿಂದ ಮಂದಿ ಬಂದ್ರು" ಅಂದಳು ಅಕಿನ್ಯಿ. "ಬೋರ್ ಹೊಡದ್ರು. ಪಂಪ್ ಕೂಡಿಸಿದ್ರು. ಈ ಕಲ್ಲ ನಿಲ್ಲಿಸಿ ಫೋಟೋ ಹೊಡ್ಕೊಂಡ ಹೋದ್ರು. ಪಂಪ್ ಹದಿನಾಲ್ಕು ತಿಂಗಳ ನಡೀತು, ಆಮ್ಯಾಲೆ ಕೆಟ್ಟ ಕುಂತಿತು. ಕಲ್ಲ ಮಾತ್ರ ಗಟ್ಟಿ ಐತಿ."

"ಕೆರೀಗೆ ಹೆಂಗ ಬಂತದು?"

"ನಮ್ಮವ್ವ ಆರು ಮಂದಿ ಹೆಂಗಸರನ್ನ ಕರ್ಕೊಂಡ ಹೋಗಿ ಹೊತ್ತ ತಂದ್ಲು. ಇಷ್ಟ ಛಲೋ ಕಲ್ಲು ಸುಮ್ನ ನಿಂತ ಏನ ಮಾಡ್ತೈತಿ ಅಂದ್ಲು."

ಅವಳ ಅವ್ವ ಅತಿಯೆನೊ. ಹಳ್ಳಿಯ ಹೆಂಗಸರ ಗುಂಪಿಗೆ ಮುಖ್ಯಸ್ಥೆ. ಆ ಹಳ್ಳಿಯಲ್ಲಿ ಪಂಪು ಮೂರಿವೆ. ಒಂದು ಯಾವುದೋ ಚರ್ಚಿನವರು ಕೊಟ್ಟದ್ದು, ಒಂದು ಎಲೆಕ್ಷನ್ನಿಗೆ ನಿಂತವನು ಕೊಟ್ಟದ್ದು, ಒಂದು ನಮ್ಮವರು ಕೊಟ್ಟದ್ದು. ಮೂರಕ್ಕೂ ಕಲ್ಲಿದೆ, ಮೂರಕ್ಕೂ ಹೆಸರಿದೆ. ರಿಪೇರಿ ಕಲಿಸಿದವರು ಯಾರೂ ಇಲ್ಲ. ಹೆಂಗಸರು ಹಳೆ ಚಪ್ಪಲಿಯ ರಬ್ಬರು ಕೊಯ್ದು ಹಾಕಿ ಒಂದನ್ನು ಹೇಗೋ ನಡೆಸಿಕೊಂಡಿದ್ದಾರೆ.

ಅವರಿಗೆ ಬೇಕಾದದ್ದು ನಾಲ್ಕನೆಯ ಪಂಪಲ್ಲ, ನರ್ಸು. ಹಳ್ಳಿಯಲ್ಲಿ ದವಾಖಾನೆಯಿದೆ. ಸರಕಾರ ನರ್ಸನ್ನೂ ಕೊಡುತ್ತದೆ. ಆದರೆ ಅವಳಿಗೆ ಉಳಿಯಲು ಮನೆಯಿಲ್ಲ. ಹನ್ನೊಂದು ಕಿಲೋಮೀಟರ್ ದೂರದ ಪೇಟೆಯಿಂದ ಬರುತ್ತಾಳೆ. ಹತ್ತಕ್ಕೆ ಬಂದು ಎರಡಕ್ಕೆ ಹೋಗುತ್ತಾಳೆ. ಹುಟ್ಟುವ ಕೂಸು ಗಡಿಯಾರ ನೋಡುವುದಿಲ್ಲ.

ಅಕಿನ್ಯಿಯ ತಂಗಿ ಅದಿಯಾಂಬೊಗೆ ಹೊಟ್ಟೆನೋವು ಶುರುವಾದದ್ದು ಸಂಜೆ ನಾಲ್ಕಕ್ಕೆ. ಬಾಡಿಗೆ ಬೈಕಿನ ಮೇಲೆ, ಓಡಿಸುವವನಿಗೂ ಅವ್ವನಿಗೂ ನಡುವೆ ಕೂಡಿಸಿಕೊಂಡು ಹೊರಟರು. ಕಲ್ಲುದಾರಿ. ಕೂಸು ದಾರಿಯಲ್ಲಿ ಹುಟ್ಟಿತು. ರಕ್ತ ನಿಲ್ಲಲಿಲ್ಲ. ಅತಿಯೆನೊ ತನ್ನ ಸೀರೆಯಂಥ ಬಟ್ಟೆ ಬಿಚ್ಚಿ ಒತ್ತಿ ಹಿಡಿದಳು. ಪೇಟೆ ಮುಟ್ಟುವಾಗ ಮಗಳು ಇರಲಿಲ್ಲ. ಕೂಸು ಉಳಿಯಿತು. ಈಗದಕ್ಕೆ ಎರಡು ವರ್ಷ.

ಹೂತು ಬಂದ ಮರುವಾರವೇ ಅತಿಯೆನೊ ಮಣ್ಣು ಕಲೆಸಲು ಕೂತಳು. ನರ್ಸಿನ ಮನೆ ನಾವೇ ಕಟ್ಟೋಣ ಅಂದಳು. ನಲವತ್ತೊಂದು ಹೆಂಗಸರು ಇಟ್ಟಿಗೆ ಕೊಯ್ದರು, ಸುಟ್ಟರು, ತಲೆಯ ಮೇಲೆ ಹೊತ್ತರು. ಗೋಡೆ ಎದ್ದಿವೆ. ಸಿಮೆಂಟಿಲ್ಲದೆ, ಇಟ್ಟಿಗೆಯ ನಡುವೆ ಮಣ್ಣು ಮೆತ್ತಿ ಕಟ್ಟಿದ ಗೋಡೆ. ಮಾರ್ಚಿನಲ್ಲಿ ದೊಡ್ಡ ಮಳೆ ಹಿಡಿಯುತ್ತದೆ. ಅಷ್ಟರೊಳಗೆ ಮೇಲೆ ತಗಡು ಬೀಳದಿದ್ದರೆ ಎರಡು ವರ್ಷದ ದುಡಿತ ಕೆಸರಾಗುತ್ತದೆ.

"ಈ ಕಲ್ಲಿನ ಮಾಲಕ ಯಾರು ಗೊತ್ತಾದ್ರ, ತಗಡು ಕೇಳೂಣು ಅಂತ ಅವ್ವ ಅಂದಾಳ" ಅಂದಳು ಅಕಿನ್ಯಿ.

ನನ್ನ ನಗು ಅಲ್ಲಿಗೆ ನಿಂತಿತು.

ನಮ್ಮೂರಲ್ಲೂ ಇಂಥ ಕಲ್ಲೊಂದಿತ್ತು, ಊರ ಬಾವಿಯ ಮೇಲೆ. ಬಾವಿ ಕಟ್ಟುವಾಗ ನನ್ನವ್ವ ದುರ್ಗವ್ವ ಬಸುರಿ. ನಾನೇ ಹೊಟ್ಟೆಯಲ್ಲಿದ್ದದ್ದು. ಏಳು ತಿಂಗಳು ತುಂಬುವವರೆಗೂ ಆ ಬಾವಿಗೆ ಕಲ್ಲು ಹೊತ್ತಳು. ಬಾವಿಯಾಯಿತು, ಗೌಡರ ಹೆಸರಿನ ಕಲ್ಲು ನಿಂತಿತು, ಪೂಜೆಯಾಯಿತು. ಅಂದಿನಿಂದ ಅವ್ವ ಆ ಕಟ್ಟೆ ಮುಟ್ಟುವ ಹಾಗಿಲ್ಲ. ದೂರ ನಿಂತು ಕೊಡ ಇಟ್ಟು, ಯಾರಾದರೂ ಪುಣ್ಯಾತ್ಮರು ಹೊಯ್ಯಲಿ ಅಂತ ಕಾಯಬೇಕು. ನಾನೂ ಕಾದಿದ್ದೇನೆ. ಕಾಯುವಾಗ ಬೇರೆ ಕೆಲಸವಿರಲಿಲ್ಲ, ಕಲ್ಲಿನ ಮೇಲಿನ ಅಕ್ಷರ ನೋಡುತ್ತಿದ್ದೆ. ನಾನು ಓದು ಕಲಿತದ್ದು ಶಾಲೆಗಿಂತ ಮೊದಲು ಆ ಕಲ್ಲಿನ ಮೇಲೆ.

ಇರಲಿ. ತಗಡು ಬೇಕಿತ್ತು. ಹುಡುಕಿದೆ. ಸಿಡ್ನಿಯಲ್ಲಿ 'ನೀರುಣಿಸು ಬಳಗ' ಅಂತ ಸಂಘ, ಚನ್ನಮಲ್ಲಪ್ಪನವರೇ ಅಧ್ಯಕ್ಷರು. ಮೆಸೇಜು ಹಾಕಿದರೆ ಆರತಿ ಅನ್ನುವವಳು ನನ್ನನ್ನು ವಾಟ್ಸಾಪ್ ಗುಂಪಿಗೆ ಸೇರಿಸಿದಳು. ಫೆಬ್ರವರಿ ಕೊನೆಯ ಶನಿವಾರ ಪ್ಯಾರಮಟ್ಟಾದಲ್ಲಿ ಅವರ ದೊಡ್ಡ ಕಾರ್ಯಕ್ರಮವಂತೆ, ಇನ್ನೊಂದು ಹಳ್ಳಿಯ ಬೋರಿಗೆ ದುಡ್ಡು ಕೂಡಿಸಲು. ಕೆಲಸ ಮಾಡುವವರ ಪಟ್ಟಿಯಲ್ಲಿ 'ಹೋಳಿಗೆ ಬಡಿಸುವವರು' ಅನ್ನುವಲ್ಲಿ ನನ್ನ ಹೆಸರು ಬಂತು. ಮರುದಿನ ಚನ್ನಮಲ್ಲಪ್ಪನವರದೇ ಫೋನು.

"ಬೆಳಗಾವಿ ಕಡೆಯಾಕೇನವಾ? ಭಾಳ ಛಲೋ ಆತು. ನಮ್ಮ ಬಾವಿ ಇರೂ ಊರಿನ ಹುಡುಗಿ ನಿನ್ನ ಗೆಳತಿ ಅಂದ್ರ ದೇವರ ಕೂಡಿಸ್ಯಾನ. ಕರ್ಕೊಂಡ ಬಾ. ಟಿಕೆಟ್ ನಾ ಮಾಡಸ್ತೀನಿ. ಹಂಗ... ನಿಮ್ಮದು ಯಾರ ಪೈಕಿ?"

"ಊರ ಹೊರಗಿನ ಕೇರ್ಯವರ್ರೀ ನಾವು."

"ಇರ್ಲಿ, ಇರ್ಲಿ. ಇಲ್ಲೆ ಬಂದ ಮ್ಯಾಲೆ ಅವೆಲ್ಲಾ ಯಾರ ನೋಡ್ತಾರ" ಅಂದರು. ಕೇಳಿದವರು ತಾವೇ.

ತಗಡಿನ ಮಾತು ತೆಗೆದೆ. "ತಗಡ?" ಅಂದರು. "ತಗಡಿನ ಮ್ಯಾಲೆ ಹೆಸರು ಎಲ್ಲೆ ಬರಸೂದವಾ? ಬಾವಿ ಅಂದ್ರ ಬಾವಿ. ಆದ್ರೂ ಆಗ್ಲಿ, ಕಾರ್ಯಕ್ರಮ ಛಂದ ಆತಂದ್ರ ನೋಡೂಣು."

ಮರುದಿನ ಪಟ್ಟಿ ತಿದ್ದಿ ಬಂತು. ಹೋಳಿಗೆಯ ಕಡೆ ನನ್ನ ಹೆಸರಿರಲಿಲ್ಲ. 'ತಟ್ಟೆ ಎತ್ತುವವರು' ಅನ್ನುವಲ್ಲಿ ಇತ್ತು, ಒಬ್ಬಳದೇ. ಮೈ ಉರಿಯಿತು. ತಗಡು ನೆನೆಸಿಕೊಂಡು ನುಂಗಿದೆ.

ಪ್ಯಾರಮಟ್ಟಾದ ಹಾಲಿನಲ್ಲಿ ಮುನ್ನೂರು ಜನ. ರೇಷ್ಮೆ ಸೀರೆ, ಸೆಂಟು, ಮಾರ್ಟ್‌ಗೇಜಿನ ಮಾತು, ಇಂಗ್ಲಿಷಿನಲ್ಲಿ ಜಗಳವಾಡುವ ಮಕ್ಕಳು. ವೇದಿಕೆಯ ಹಿಂದಿನ ಕೋಣೆಯಲ್ಲಿ ಆರತಿ ಅಕಿನ್ಯಿಗೆ ವೇಷ ಹಾಕಿಸಲು ಕಾಯುತ್ತಿದ್ದಳು. ಅವಳೇ ನಿರೂಪಕಿ, ಬೆಂಗಳೂರಿನವಳು. ಕೈಯಲ್ಲಿ ಚಿರತೆ ಚುಕ್ಕಿಯ ಬಟ್ಟೆ, ಎರಡು ಡಾಲರ್ ಅಂಗಡಿಯದು. ಜೊತೆಗೆ ಹಳದಿ ಪ್ಲಾಸ್ಟಿಕ್ ಕ್ಯಾನು.

"ಇದನ್ನ ಸುತ್ಕೊಳ್ಳೋಕೆ ಹೇಳಿ ಮಲ್ಲವ್ವ. ಕ್ಯಾನ್ ತಲೆ ಮೇಲೆ. ಚಪ್ಪಲಿ ಬೇಡ, ಬೇರ್‌ಫುಟ್ ಬಂದ್ರೆ ತುಂಬಾ ಟಚಿಂಗ್ ಆಗಿರತ್ತೆ."

ಅಕಿನ್ಯಿ ಇಸ್ತ್ರಿ ಮಾಡಿದ ನೀಲಿ ಗೌನು, ಹೊಸ ಬೂಟು ಹಾಕಿಕೊಂಡು ಬಂದಿದ್ದಳು. ಬಟ್ಟೆಯನ್ನು ಮೇಲೆ ಕೆಳಗೆ ನೋಡಿದಳು.

"ನಮ್ಮೂರಾಗ ಇದನ್ನ ಯಾರ ಉಡ್ತಾರ ಕೇಳು ಆಕೀನ್ನ" ಅಂದಳು. "ಚಿರತಿ ಉಡ್ತೈತಿ."

ಬಟ್ಟೆ ಬೇಡವೆಂದಳು, ಬೂಟು ಬಿಚ್ಚುವುದಿಲ್ಲವೆಂದಳು. ಕ್ಯಾನು ಹೊರುತ್ತೇನೆ ಅಂದಳು. ಆರತಿ ಅಷ್ಟಕ್ಕೆ ಒಪ್ಪಿ, ಓದಬೇಕಾದ ಹಾಳೆ ಕೊಟ್ಟಳು. "ಕೊನೇಲಿ ಲೈವ್ ವಿಡಿಯೋ ಕಾಲ್. ಅಲ್ಲಿ ಈಗ ಬೆಳಿಗ್ಗೆ ತಾನೆ? ಇವ್ರ ಅಮ್ಮ ಪಂಪ್ ಹತ್ರ ನಿಂತ್ಕೊಂಡು ಥ್ಯಾಂಕ್ಸ್ ಹೇಳ್ಲಿ."

"ಪಂಪ್ ಕೆಟ್ಟೈತ್ರಿ" ಅಂದೆ.

"ಹೊಡಿಯೋದು ಬೇಡ. ಪಕ್ಕ ನಿಂತ್ಕೊಂಡ್ರೆ ಸಾಕು."

ಕಾರ್ಯಕ್ರಮಕ್ಕೆ ಮೊದಲೇ ಊಟ. ನಾನು ಪ್ಲಾಸ್ಟಿಕ್ ಕೈಗವಸು ಹಾಕಿಕೊಂಡು ಮುನ್ನೂರು ಎಂಜಲು ತಟ್ಟೆ ಎತ್ತಿದೆ. ಮುನ್ನೂರರಲ್ಲಿ ಇಬ್ಬರು ಮುಖ ನೋಡಿದರು. ಒಂದು ಮಗು, ಒಬ್ಬಳು ಮುದುಕಿ. ಮುದುಕಿಯ ಹೆಸರು ಪಾರವ್ವ, ಚನ್ನಮಲ್ಲಪ್ಪನವರ ಚಿಕ್ಕವ್ವ, ಸತ್ತುಹೋದ ಬಸಲಿಂಗವ್ವನ ಖಾಸಾ ತಂಗಿ. "ಉಂಡೀ ಏನವಾ ನೀ?" ಅಂತ ಕೇಳಿದಳು. ಇಲ್ಲ ಅಂದೆ. "ಇವಕ್ಕ ಬುದ್ಧಿ ಇಲ್ಲ" ಅಂದಳು.

ಐದು ಗಂಟೆಗೆ ದೀಪ ಆರಿಸಿದರು. ಅಕಿನ್ಯಿ ತಲೆಯ ಮೇಲೆ ಕ್ಯಾನು ಹೊತ್ತು, ಕೈ ಬಿಟ್ಟು, ಬೂಟಿನ ಸದ್ದು ಮಾಡುತ್ತ ವೇದಿಕೆಗೆ ಬಂದಳು. ಚಪ್ಪಾಳೆಯೋ ಚಪ್ಪಾಳೆ. ನಾನು ಗೋಡೆಗೆ ಒರಗಿ ನಿಂತಿದ್ದೆ, ಪಕ್ಕದಲ್ಲಿ ತಟ್ಟೆಗಳ ರಾಶಿ.

ಅವಳು ಹಾಳೆ ಓದಿದಳು. ನನ್ನ ತಾಯಿ ದಿನಾ ಕೊಳಕು ನೀರು ಹೊತ್ತಳು. ಚಪ್ಪಾಳೆ. ಸಿಡ್ನಿಯ ಸಹೃದಯರು ನಮಗೆ ಬಾವಿ ಕೊಟ್ಟರು. ಇನ್ನೂ ಜೋರು ಚಪ್ಪಾಳೆ. ಹಾಳೆಯ ಮೂರನೆಯ ಸಾಲಿಗೆ ಬಂದು ತಡೆದಳು. ಇನ್ನೊಮ್ಮೆ ಮನಸ್ಸಿನಲ್ಲೇ ಓದಿಕೊಂಡಳು. ಕ್ಯಾನು ಕೆಳಗಿಳಿಸಿದಳು. ಖಾಲಿ ಕ್ಯಾನು ಟೊಳ್ಳು ಸದ್ದು ಮಾಡಿತು.

"'ಬಾವಿ ಬಂದ ಮೇಲೆ ನಮ್ಮ ಹಳ್ಳಿಯಲ್ಲಿ ಯಾರೂ ಸತ್ತಿಲ್ಲ' ಅಂತ ಇದರಾಗ ಬರದಾರ" ಅಂದಳು. "ನಾ ಓದೂದಿಲ್ಲ. ನನ್ನ ತಂಗಿ ಸತ್ತಾಳ. ಬಾವಿ ಬಂದ ಮ್ಯಾಲೇ ಸತ್ತಾಳ. ಆಕಿ ಹೆಸರು ಅದಿಯಾಂಬೊ. ಬೈಕಿನ ಮ್ಯಾಲೆ, ನಮ್ಮವ್ವನ ತೊಡಿ ಮ್ಯಾಲೆ ಸತ್ಲು. ನರ್ಸ್ ಇರಲಿಲ್ಲ. ನರ್ಸಿಗೆ ಮನಿ ಇರಲಿಲ್ಲ. ಮನಿಗೆ ಗೋಡಿ ನಾವ ಕಟ್ಟೇವಿ. ತಗಡು ಬೇಕು, ಮಳಿ ಬರೂದ್ರೊಳಗ. ಅಷ್ಟ ಹೇಳಾಕ ಬಂದೀನಿ."

ಆರತಿಗೆ ಬೆವರು ಕಿತ್ತು ಬಂತು. "ಸೋ... ಈಗ ನಾವು ಲೈವ್ ಆಗಿ ಆ ಹಳ್ಳಿಗೇ ಹೋಗೋಣ!" ಅಂದವಳೇ ಗುಂಡಿ ಒತ್ತಿಬಿಟ್ಟಳು.

ಗೋಡೆಯಗಲದ ಪರದೆಯ ಮೇಲೆ ಅತಿಯೆನೊ ಬಂದಳು. ತಲೆಗೆ ಹಸಿರು ವಸ್ತ್ರ, ಬಾಯಿ ತುಂಬ ನಗು. ಪಂಪಿನ ಹತ್ತಿರ ನಿಲ್ಲು ಅಂದರೆ ಕೆರೆಯ ಹತ್ತಿರ ನಿಂತಿದ್ದಾಳೆ. ಕಲ್ಲು ಕೊಟ್ಟವರು ಮುನ್ನೂರು ಜನರ ಜೊತೆ ಕಾಯುತ್ತಿದ್ದಾರೆ, ಅವರಿಗೆ ಕಲ್ಲನ್ನೇ ತೋರಿಸಬೇಕು ಅನ್ನುವುದು ಅವಳ ಲೆಕ್ಕ. "ಎರೊಕಮಾನೊ!" ಅಂದಳು. ಅವರ ಭಾಷೆಯಲ್ಲಿ ಉಪಕಾರವಾಯಿತು ಅಂತ. ಹಾಗಂದು ಫೋನು ಕೆಳಗೆ ತಿರುಗಿಸಿದಳು.

ಕರಿ ಕಲ್ಲು ಪರದೆ ತುಂಬಿತು. ಒಬ್ಬಳು ಒಳಚಡ್ಡಿ ಎತ್ತಿ ಎತ್ತಿ ಬಡಿಯುತ್ತಿದ್ದಳು. ಸಾಬೂನಿನ ನೊರೆ ಸರಿದಾಗ ಅಕ್ಷರ ಕಂಡವು. ಕಾದೇಂಗೆಯಲ್ಲಿ ಅದನ್ನು ಓದುವವರಿರಲಿಲ್ಲ. ಈ ಹಾಲಿನಲ್ಲಿ ಓದಲಾರದವರು ಇರಲಿಲ್ಲ, ಸಣ್ಣ ಮಕ್ಕಳನ್ನು ಬಿಟ್ಟರೆ. 'ಮಾತೋಶ್ರೀ ಬಸಲಿಂಗವ್ವ'ನ ಮೇಲೆ ಚಡ್ಡಿ ಬಿತ್ತು, ಎದ್ದಿತು, ಬಿತ್ತು.

ಮೊದಲು ನಕ್ಕವಳು ಪಾರವ್ವ. ಹಲ್ಲಿಲ್ಲದ ಬಾಯಿ ತೆರೆದು, ತೊಡೆ ಬಡಿದುಕೊಂಡು ನಕ್ಕಳು. "ನಮ್ಮಕ್ಕ ಜನಮಾ ಪೂರ್ತಿ ಹನ್ನೆರಡು ಮಂದೀ ಅರಿವಿ ಒಗದ್ಲು! ಚನ್ನ್ಯಾ, ನಿನ್ನ ಕಲ್ಲು ಬರೋಬ್ಬರಿ ಜಾಗಾಕ್ಕ ಹೋಗೇತಿ ನೋಡು!" ಹಿಂದಿನ ಸಾಲುಗಳಲ್ಲಿ ನಗು ಹರಿಯಿತು. ಮುಂದಿನ ಸಾಲಿನವರು ಕೆಮ್ಮಿದರು.

ಚನ್ನಮಲ್ಲಪ್ಪ ಮೈಕು ಕಿತ್ತುಕೊಂಡರು. ಮುಖ ಕೆಂಪಾಗಿತ್ತು. "ಏ ಮಲ್ಲವ್ವ! ಬಾ ಇಲ್ಲೆ. ಹೇಳು ಅವರಿಗೆ. ಇವತ್ತ, ಈಗಿಂದೀಗ ಆ ಕಲ್ಲ ತೊಳದು ತಿರುಗಿ ಬಾವೀ ಕಡೆ ಒಯ್ದ ನಿಲ್ಲಸ್ಬೇಕು. ನನ್ನ ತಾಯಿ ಹೆಸರದು."

ನಾನು ವೇದಿಕೆ ಹತ್ತಿದೆ. ಅಕಿನ್ಯಿಗೆ ಹೇಳಿದೆ, ಅಕಿನ್ಯಿ ಅವಳವ್ವನಿಗೆ ಹೇಳಿದಳು. ಅತಿಯೆನೊ ತಲೆ ಕೆರೆದುಕೊಂಡು ಏನೋ ಅಂದಳು. ಅದು ಅಕಿನ್ಯಿಯ ಬಾಯಿಂದ ನನಗೆ ಬಂತು, ನಾನು ಮೈಕಿನಲ್ಲಿ ಹೇಳಿದೆ: "ಪಂಪ್ ನಡ್ಯೂ ಹಂಗ ಮಾಡ್ರಿ, ಕಲ್ಲ ನಾವ ಹೊತ್ತ ಒಯ್ತೀವಿ ಅಂತಾಳ್ರಿ. ಅಲ್ಲೀ ತನಕಾ ಕಲ್ಲು ದುಡೀಲಿ ಅಂತಾಳ. ಆಕಿ ಊರಾಗ ದುಡೀದೇ ನಿಲ್ಲೂದು ಯಾರಿಗೂ ನಡ್ಯಂಗಿಲ್ಲಂತ."

"ಹಂಗಾದ್ರ ತಗಡೂ ಇಲ್ಲ, ಏನೂ ಇಲ್ಲ! ನಾ ಕೊಟ್ಟ ನೀರು ಕುಡದು ನನ್ನ ತಾಯೀ ಎದಿ ಮ್ಯಾಲೆ ಚಡ್ಡಿ ಒಗೀತಾರ. ಕ್ಷಮಾ ಕೇಳಂತ ಹೇಳು ಆಕಿಗೆ. ಹೇಳು!"

"ನಾ ಹೇಳೂದಿಲ್ರಿ" ಅಂದೆ.

"ಏನಂದಿ?"

ಕೈಗವಸು ಬೆರಳು ಬೆರಳಾಗಿ ಎಳೆದು ತೆಗೆದೆ.

"ನೀರು ನಿಮ್ಮಪ್ಪಂದೇನ್ರೀ? ನೆಲದಾಗಿಂದು ನೀರು. ನೀವು ಕೊಟ್ಟಿದ್ದು ಒಂದು ಪೈಪು, ಒಂದು ಕಲ್ಲು. ಪೈಪು ಕೆಟ್ಟ ಎರಡು ವರ್ಷಾತು, ಕೇಳಿದ್ರೇನು? ಕಲ್ಲಿಗೆ ಚಡ್ಡಿ ತಾಕಿದ್ದು ಇವತ್ತ ಗೊತ್ತಾತು, ಇವತ್ತ ಜೀವ ಹೋತು. ಅಕಿನ್ಯಿ ತನ್ನ ತಂಗಿ ಸತ್ಲಂತ ಈಗ ಹೇಳಿದ್ಲು. ಅದಕ್ಕ ಒಬ್ಬರ ಅಯ್ಯೋ ಅಂದ್ರೇನು? ನಮ್ಮೂರ ಬಾವಿಗೆ ನಮ್ಮವ್ವ ಬಸರಿದ್ದಾಗ ಕಲ್ಲ ಹೊತ್ಲು. ಆ ಬಾವೀ ಹಗ್ಗಾ ಮುಟ್ಟದ ಸತ್ಲು. ನಾ ಹೋಳಗಿ ಬಡಸಿದ್ರ ನೀವು ಉಣ್ಣಂಗಿಲ್ಲ, ಎಂಜಲ ಎತ್ತಿದ್ರ ನಡೀತೈತಿ. ಕ್ಷಮಾ ಯಾರು ಯಾರಿಗೆ ಕೇಳಬೇಕ್ರಿ? ನಿಮ್ಮ ತಟ್ಟಿ ನೀವ ಎತ್ರಿ."

ಕೈಗವಸನ್ನು ಆ ಹಳದಿ ಕ್ಯಾನಿನ ಮೇಲೆ ಇಟ್ಟು ಕೆಳಗಿಳಿದೆ. ಅಕಿನ್ಯಿ ಬೂಟು ಕುಟ್ಟುತ್ತ ಹಿಂದೆಯೇ ಬಂದಳು. ಪರದೆಯ ಮೇಲೆ ಅತಿಯೆನೊ ಇನ್ನೂ ಕೈ ಬೀಸುತ್ತಿದ್ದಳು, ಪಾಪ, ಇಲ್ಲಿ ನಡೆದದ್ದು ಅವಳಿಗೇನೂ ತಿಳಿದಿರಲಿಲ್ಲ.

ಬಾಗಿಲಲ್ಲಿ ಪಾರವ್ವ ಕೋಲೂರಿಕೊಂಡು ಅಡ್ಡ ಬಂದಳು. ಕರವಸ್ತ್ರದ ಗಂಟೊಂದನ್ನು ನನ್ನ ಕೈಯಲ್ಲಿ ತುರುಕಿದಳು. "ಒಂದೆರಡು ತಗಡ ಆಗ್ತಾವೇನೋ. ನನ್ನ ಹೆಸರು ಎಲ್ಲೂ ಬರೀಬ್ಯಾಡ, ಆಣಿ ಐತಿ. ಅವ ಓದಿದ್ರ ನನ್ನ ಊಟಾ ಬಂದ್ ಮಾಡ್ತಾನ."

ಪ್ಯಾರಮಟ್ಟಾ ಸ್ಟೇಷನ್ನಿಗೆ ನಡೆದೆವು. ಪ್ಲಾಟ್‌ಫಾರ್ಮಿನ ಬೆಂಚಿನ ಮೇಲೆ ಕೂತಾಗ ಅಕಿನ್ಯಿ, "ತಗಡು ಹೋತಲ್ಲ" ಅಂದಳು. ಅತ್ತಳು. ನಾನೂ ಅತ್ತೆ. ನಾನು ಬಾಯಿ ಮುಚ್ಚಿಕೊಂಡಿದ್ದರೆ ತಗಡು ಬರುತ್ತಿತ್ತೇನೋ ಅನ್ನಿಸಿತು. ಆಮೇಲೆ ಅವಳು ಮೂಗು ಒರೆಸಿಕೊಂಡು, "ಆ ಮನಷ್ಯಾನ ಮಾರಿ ನೋಡಿದೇನು? ಚಡ್ಡಿ ಬಿದ್ದಾಗ?" ಅಂದಳು. ಟ್ರೇನು ಬಂದಾಗ ಇಬ್ಬರಿಗೂ ನಕ್ಕು ನಕ್ಕು ಏಳಲಾಗಲಿಲ್ಲ. ಆ ಟ್ರೇನು ತಪ್ಪಿತು.

ಅವರ ದೇಶದಲ್ಲಿ ಹರಂಬೀ ಅಂತ ಒಂದು ಪದ್ಧತಿ. ಒಬ್ಬರ ಕೆಲಸಕ್ಕೆ ಎಲ್ಲರೂ ಕೈ ಹಾಕುವುದು, ಯಾರು ಎಷ್ಟು ಅಂತ ಕೇಳದೇ ಇರುವುದು. ಸೋಮವಾರ ಅಕಿನ್ಯಿ ಲಾಂಡ್ರಿಯ ಬಾಗಿಲಿಗೆ ಖಾಲಿ ಸಾಬೂನು ಡಬ್ಬ ನೇತುಹಾಕಿದಳು. ಮಲಯಾಳಿ ಹುಡುಗಿ, ಪಂಜಾಬಿ ಆಂಟಿ, ಮೂವರು ಫಿಲಿಪಿನೋ ಅಕ್ಕಂದಿರು, ನಾವಿಬ್ಬರು. ಎರಡು ವಾರ ಯಾರೂ ಭಾನುವಾರ ರಜೆ ತಗೊಳ್ಳಲಿಲ್ಲ, ಆ ಕೂಲಿಯೆಲ್ಲ ಡಬ್ಬಕ್ಕೆ ಬಿತ್ತು. ಮ್ಯಾನೇಜರು, ಇವರಿಗೇನು ಒಗೆಯುವ ಹುಚ್ಚು ಹಿಡಿಯಿತಾ ಅಂತ ನೋಡಿದರು. ದುಡ್ಡು ಕಳಿಸಿದೆವು, ಮಾರ್ಚಿನ ಮೂರನೆಯ ವಾರ ಪೇಟೆಯಿಂದ ತಗಡು ಕಾದೇಂಗೆ ಮುಟ್ಟಿದವು. ಹೆಂಗಸರೇ ಹತ್ತಿ ಬಡಿದರು. ಬಡಿದ ಮೂರನೆಯ ದಿನ ಮಳೆ ಹಿಡಿಯಿತು.

ಏಪ್ರಿಲಿನಲ್ಲಿ ಅಕಿನ್ಯಿಯ ಮೊಬೈಲಿಗೆ ಅತಿಯೆನೊಳ ಮಾತು ಬಂತು. ನರ್ಸು ಪೆಟ್ಟಿಗೆ ತಂದಿದ್ದಾಳೆ, ಉಳಿದಿದ್ದಾಳೆ. ಗೋಡೆಗೆ ಗಿಲಾವು ಮಾಡುತ್ತಿದ್ದೇವೆ. ಕೊಟ್ಟವರ ಹೆಸರು ನಾವು ಬರೆಯುವುದಿಲ್ಲ, ಹೊತ್ತವರ ಹೆಸರು ಬರೆಯುತ್ತೇವೆ. ನಲವತ್ತೊಂದು ಹೆಸರು, ಅವಕ್ಕೂ ಮೊದಲು ಅದಿಯಾಂಬೊಳದು. ನಿನ್ನ ಗೆಳತಿಯದೂ ಬೇಕು. ಆ ಕಲ್ಲಿನ ಅಕ್ಷರದಲ್ಲೇ ಬರೆದು ಕಳಿಸಲಿ, ನೋಡಲು ಚೆನ್ನಾಗಿರುತ್ತದೆ.

ನಾನು ಒಂದು ಇಟ್ಟಿಗೆಯನ್ನೂ ಹೊತ್ತವಳಲ್ಲ. ತುಂಬ ಹೊತ್ತು ಯೋಚಿಸಿ, ಲಾಂಡ್ರಿಯ ಚೀಟಿಯ ಹಿಂದೆ ದೊಡ್ಡದಾಗಿ ಬರೆದು ಫೋಟೋ ಕಳಿಸಿದೆ.

ಎರಡು ದಿನಕ್ಕೆ ಗೋಡೆಯ ಫೋಟೋ ಬಂತು. ಹಸಿ ಗಿಲಾವಿನಲ್ಲಿ ಕಡ್ಡಿಯಿಂದ ಗೀರಿದ ಹೆಸರುಗಳ ಸಾಲು. ಕೊನೆಯಲ್ಲಿ ಕನ್ನಡ. ಓದಲು ಬಾರದವರು ಚಿತ್ರ ಬರೆದ ಹಾಗೆ ಬರೆದಿದ್ದರು. ಸ್ವಲ್ಪ ಸೊಟ್ಟ, ಆದರೆ ಎಲ್ಲ ಅಕ್ಷರವೂ ಇತ್ತು. ಆ ಗೋಡೆಯ ಬುಡದಲ್ಲಿ ಒಬ್ಬ ಬಸುರಿ ಹೆಂಗಸು ಕೂತಿದ್ದಳು, ಕೈಯಲ್ಲಿ ನೀರಿನ ಲೋಟ.

"ಯಾರ ಹೆಸರದು?" ಅಂದಳು ಅಕಿನ್ಯಿ. "ನಿಂದಲ್ಲಲ್ಲ?"

"ದುರ್ಗವ್ವ" ಅಂದೆ. "ನಮ್ಮವ್ವ. ಕಲ್ಲು ಹೊತ್ತಾಕಿ."